ಸರದಿಯ ನ್ಯಾಯ

ಸಮೃದ್ಧಿಯಿರುವ ಕಡೆ ನ್ಯಾಯದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹಬ್ಬದ ಪಂಕ್ತಿಯಲ್ಲಿ ಹೋಳಿಗೆ ಧಾರಾಳವಾಗಿದ್ದರೆ ಯಾರಿಗೆ ಮೊದಲು ಬಡಿಸಿದರು, ಯಾರಿಗೆ ಕೊನೆಗೆ ಬಡಿಸಿದರು ಎಂಬುದನ್ನು ಯಾರೂ ಲೆಕ್ಕಿಸುವುದಿಲ್ಲ. ವಸ್ತು ಕಡಿಮೆಯಾಗಿ ಬೇಡುವವರು ಹೆಚ್ಚಾದಾಗಲೇ 'ಯಾರಿಗೆ ಮೊದಲು?' ಎಂಬ ಪ್ರಶ್ನೆ ಹುಟ್ಟುತ್ತದೆ. ಒಂದು ಸಮಾಜವು ಎಷ್ಟರಮಟ್ಟಿಗೆ ನ್ಯಾಯಪರವಾದುದು ಎಂಬುದು ಆ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ ತಿಳಿದುಬರುತ್ತದೆ.

ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತರಿಗೆ ಈ ಪ್ರಶ್ನೆ ಹೊಸದಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುತ್ತದೆ. ಆದರೆ ಕಾಲುವೆಯ ಮೇಲ್ಭಾಗದವರು ಬೇಕಾದಷ್ಟು ನೀರು ಹಾಯಿಸಿಕೊಂಡು ಬತ್ತ ಬೆಳೆದರೆ, ಕೊನೆಯ ಭಾಗದವರ ಹತ್ತಿಗೂ ಮೆಣಸಿನಕಾಯಿಗೂ ನೀರು ತಲುಪುವುದಿಲ್ಲ. ಆದುದರಿಂದಲೇ ಅಲ್ಲಿ ವಾರಾಬಂದಿ ಎಂಬ ಪದ್ಧತಿ ಬಂದಿತು. ಇಂತಿಷ್ಟು ದಿನ ನೀರು ಹರಿಯಬೇಕು, ಇಂತಿಷ್ಟು ದಿನ ನಿಲ್ಲಬೇಕು, ಪ್ರತಿಯೊಂದು ಭಾಗಕ್ಕೂ ಅದರದರ ಸರದಿಯಲ್ಲಿ ನೀರು ಸಿಗಬೇಕು ಎಂಬುದು ಅದರ ತಿರುಳು. ಈ ನಿಯಮ ಚೆನ್ನಾಗಿ ನಡೆದ ವರ್ಷ ಕಾಲುವೆಯ ಕೊನೆಯ ಹೊಲವೂ ಹಸಿರಾಗುತ್ತದೆ. ನಿಯಮ ಸಡಿಲವಾದ ವರ್ಷ ಕೊನೆಯ ಭಾಗದವರ ಬೆಳೆ ಒಣಗುತ್ತದೆ.

ನೀರನ್ನು ಗಂಟೆಗಳ ಲೆಕ್ಕದಲ್ಲಿಯಾದರೂ ಹಂಚಬಹುದು. ಎಲ್ಲರಿಗೂ ಸಾಕಾಗದಿದ್ದರೂ ಎಲ್ಲರಿಗೂ ಸ್ವಲ್ಪಸ್ವಲ್ಪ ದೊರೆಯುತ್ತದೆ. ಹೀಗೆ ಪಾಲು ಮಾಡಲು ಬಾರದ ವಸ್ತುವೂ ಲೋಕದಲ್ಲಿ ಉಂಟು. ಒಂದು ಹೃದಯವನ್ನು ಇಬ್ಬರಿಗೆ ಹಂಚಲಾಗದು. ಇರುವುದು ಒಂದು ಮೂತ್ರಪಿಂಡ, ಕಾದಿರುವವರು ನೂರಾರು ಮಂದಿ ಎಂದಾಗ ಒಬ್ಬರಿಗೆ ಕೊಡುವುದೆಂದರೆ ಉಳಿದವರಿಗೆ ಇಲ್ಲವೆನ್ನುವುದೇ ಆಗುತ್ತದೆ. ಮನುಷ್ಯರು ಮಾಡಬೇಕಾದ ಹಂಚಿಕೆಗಳಲ್ಲಿ ಇದಕ್ಕಿಂತ ಕಠಿಣವಾದುದು ಬಹುಶಃ ಇನ್ನೊಂದಿಲ್ಲ.

ಒಬ್ಬರ ದೇಹದ ಅಂಗವನ್ನು ಮತ್ತೊಬ್ಬರ ದೇಹಕ್ಕೆ ಕಸಿ ಮಾಡುವ ವಿದ್ಯೆ ಕಳೆದ ಶತಮಾನದ ಸಾಧನೆ. 1954ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಯಶಸ್ವಿಯಾಗಿ ಕಸಿ ಮಾಡಿದರು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಮೊಟ್ಟಮೊದಲು ಮನುಷ್ಯನ ಹೃದಯವನ್ನು ಮತ್ತೊಬ್ಬ ಮನುಷ್ಯನಿಗೆ ಜೋಡಿಸಿದರು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಗಿ ನಡೆಯಿತು. ಅಂದಿನಿಂದ ವೈದ್ಯರ ಕೈಚಳಕ ಬೆಳೆಯುತ್ತ ಬಂದಿದೆ. ಆದರೆ ಅಂಗಗಳನ್ನು ಕಾರ್ಖಾನೆಯಲ್ಲಿ ತಯಾರಿಸಲು ಬರುವುದಿಲ್ಲ. ಅವು ಮನುಷ್ಯರಿಂದಲೇ ಬರಬೇಕು.

ಈ ದಾನ ಎರಡು ಬಗೆಯದು. ಬದುಕಿರುವಾಗಲೇ ತಾಯಿ ಮಗನಿಗೆ, ಅಕ್ಕ ತಮ್ಮನಿಗೆ ಒಂದು ಮೂತ್ರಪಿಂಡವನ್ನು ಕೊಡುವುದು ಒಂದು ಬಗೆ. ಇಲ್ಲಿ ಯಾರಿಗೆ ಕೊಡಬೇಕೆಂಬ ಪ್ರಶ್ನೆ ಇಲ್ಲ. ಕೊಡುವವರು ಪಡೆಯುವವರನ್ನು ಬಲ್ಲರು. ಮಿದುಳು ಸತ್ತು, ಯಂತ್ರದ ನೆರವಿನಿಂದ ಮಾತ್ರ ಉಸಿರಾಟ ನಡೆಯುತ್ತಿರುವ ವ್ಯಕ್ತಿಯ ಅಂಗಗಳನ್ನು ಮನೆಯವರ ಒಪ್ಪಿಗೆಯಿಂದ ಪಡೆಯುವುದು ಇನ್ನೊಂದು ಬಗೆ. ಮಿದುಳು ಸತ್ತಿದೆಯೆಂಬುದನ್ನು 4 ಮಂದಿ ವೈದ್ಯರ ಮಂಡಲಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ 2 ಸಲ ಪರೀಕ್ಷಿಸಿ ದೃಢಪಡಿಸಬೇಕೆಂದು ಕಾನೂನು ವಿಧಿಸಿದೆ. ಹೀಗೆ ದಾನ ಮಾಡಿದ ಒಬ್ಬ ವ್ಯಕ್ತಿಯಿಂದ 8 ಮಂದಿಯವರೆಗೆ ಜೀವದಾನ ದೊರೆಯಬಹುದು. 2023ರಲ್ಲಿ ದೇಶದಾದ್ಯಂತ 18,000ಕ್ಕೂ ಹೆಚ್ಚು ಅಂಗಾಂಗ ಕಸಿಗಳು ನಡೆದರೂ ಮರಣಾನಂತರ ದಾನ ಮಾಡಿದವರು ಸುಮಾರು 1,100 ಮಂದಿ ಮಾತ್ರ. ಕರ್ನಾಟಕದಲ್ಲಿ ಆ ವರ್ಷ ಅಂಥ ದಾನಿಗಳ ಸಂಖ್ಯೆ 178. ನೂರಾನಲವತ್ತು ಕೋಟಿ ಜನರ ನಾಡಿನಲ್ಲಿ ಇದು ಅತ್ಯಲ್ಪ. ಬೇಡಿಕೆಗೂ ದಾನಕ್ಕೂ ನಡುವಣ ಈ ಅಂತರದಲ್ಲಿಯೇ ನ್ಯಾಯದ ಪ್ರಶ್ನೆ ತಲೆಯೆತ್ತುತ್ತದೆ.

'ಹಣ ಕೊಟ್ಟವರಿಗೆ ಕೊಡಲಿ' ಎಂಬುದು ಈ ಪ್ರಶ್ನೆಗೆ ಕೆಲವರು ಕೊಟ್ಟ ಮೊದಲ ಉತ್ತರ. ಕಳೆದ ಶತಮಾನದ ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ಭಾರತದ ಹಲವು ನಗರಗಳಲ್ಲಿ, ಬೆಂಗಳೂರಿನಲ್ಲಿಯೂ, ಬಡವರ ಮೂತ್ರಪಿಂಡಗಳು ಮಾರಾಟದ ವಸ್ತುವಾದವು. ಸಾಲ ತೀರಿಸಲೆಂದು, ಮಗಳ ಮದುವೆ ಮಾಡಲೆಂದು ಒಡಲಿನ ಭಾಗವನ್ನೇ ಮಾರಿದವರು ಕೊನೆಗೆ ಸಾಲದಿಂದಲೂ ಪಾರಾಗದೆ, ಆರೋಗ್ಯವನ್ನೂ ಕಳೆದುಕೊಂಡರು. ನಡುವಣ ದಲ್ಲಾಳಿಗಳು ಕೊಬ್ಬಿದರು. ಇದನ್ನು ತಡೆಯಲು ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಅಧಿನಿಯಮವನ್ನು ಅಂಗೀಕರಿಸಿತು. ಅಂಗಗಳನ್ನು ಕೊಳ್ಳುವುದೂ ಮಾರುವುದೂ ಅಪರಾಧವೆಂದು ಅದು ಸಾರಿತು. 2011ರ ತಿದ್ದುಪಡಿಯ ಪ್ರಕಾರ ಇಂಥ ವ್ಯಾಪಾರಕ್ಕೆ 5ರಿಂದ 10 ವರ್ಷಗಳವರೆಗೆ ಸೆರೆವಾಸವನ್ನೂ 20 ಲಕ್ಷದಿಂದ 1 ಕೋಟಿ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಬಡವನ ದೇಹ ಸಿರಿವಂತನ ಔಷಧಿಯ ಅಂಗಡಿಯಲ್ಲ ಎಂಬುದೇ ಈ ಕಾನೂನಿನ ಅಂತರಾರ್ಥ.

'ಯೋಗ್ಯರಾದವರಿಗೆ ಕೊಡಲಿ' ಎಂಬುದು ಇನ್ನೊಂದು ಉತ್ತರ. ಕೇಳಲು ಇದು ಸರಿಯೆನಿಸುತ್ತದೆ. ಆದರೆ ಯೋಗ್ಯರನ್ನು ಗುರುತಿಸುವವರು ಯಾರು? ಅಮೆರಿಕದ ಸಿಯಾಟಲ್ ನಗರದಲ್ಲಿ ಈ ಪ್ರಯೋಗ ನಡೆದುಹೋಗಿದೆ. 1960ರಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಕಂಡುಹಿಡಿದ ಒಂದು ಸಾಧನದಿಂದಾಗಿ, ಮೂತ್ರಪಿಂಡಗಳು ಕೆಟ್ಟವರು ಯಂತ್ರದ ಮೂಲಕ ಮತ್ತೆಮತ್ತೆ ರಕ್ತಶುದ್ಧಿ ಮಾಡಿಸಿಕೊಂಡು ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು. ಇದೇ ಇಂದು ಡಯಾಲಿಸಿಸ್ ಎಂದು ಮನೆಮಾತಾಗಿರುವ ಚಿಕಿತ್ಸೆ. 1962ರಲ್ಲಿ ಅದಕ್ಕಾಗಿ ಅಲ್ಲಿ ಒಂದು ಕೇಂದ್ರ ತೆರೆಯಿತು. ಯಂತ್ರಗಳು ಕೆಲವೇ ಇದ್ದವು. ರೋಗಿಗಳು ಬಹಳ ಮಂದಿ. ಯಾರನ್ನು ಉಳಿಸಬೇಕೆಂದು ತೀರ್ಮಾನಿಸಲು 7 ಮಂದಿಯ ಸಮಿತಿಯೊಂದನ್ನು ರಚಿಸಿದರು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನ ಅಧಿಕಾರಿ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಶಸ್ತ್ರವೈದ್ಯ ಇದ್ದರು. ಅವರ ಹೆಸರುಗಳನ್ನು ಗುಟ್ಟಾಗಿ ಇಡಲಾಗಿತ್ತು.

ಆ ಸದಸ್ಯರು ದುಷ್ಟರಾಗಿರಲಿಲ್ಲ. ಕೂಲಿಯನ್ನು ಬಯಸದೆ, ಭಾರವಾದ ಮನಸ್ಸಿನಿಂದ ಕೆಲಸ ಮಾಡಿದರು. ಆದರೆ ರೋಗಿಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು, ವರಮಾನವೆಷ್ಟು, ಉದ್ಯೋಗವೇನು, ಚರ್ಚಿನ ಕೆಲಸಗಳಲ್ಲಿ ತೊಡಗಿದ್ದಾನೆಯೇ ಎಂಬ ಸಂಗತಿಗಳು ಅವರ ತಕ್ಕಡಿಗೆ ಬಂದವು. ಅದೇ ವರ್ಷ ಒಂದು ಪ್ರಸಿದ್ಧ ಪತ್ರಿಕೆಯಲ್ಲಿ ಇದರ ವರದಿ ಪ್ರಕಟವಾದಾಗ ಜನರು ಬೆಚ್ಚಿಬಿದ್ದರು. ಸಮಿತಿಯವರು ತಮಗರಿವಿಲ್ಲದೆಯೇ ತಮ್ಮಂತೆಯೇ ಬದುಕುವವರನ್ನು ಯೋಗ್ಯರೆಂದು ಬಗೆದಿದ್ದರು. ಒಂಟಿಯಾಗಿ ಬಾಳುವವನು, ಬಡವ, ಜಗಲಿಯ ಮೇಲೆ ಕುಳಿತು ಕವಿತೆ ಬರೆಯುವವನು ಇಂಥ ತಕ್ಕಡಿಯಲ್ಲಿ ಹಗುರವಾಗಿಯೇ ತೂಗುತ್ತಾನೆ. 1972ರಲ್ಲಿ ಅಮೆರಿಕದ ಸರ್ಕಾರವು ಡಯಾಲಿಸಿಸ್‌ನ ವೆಚ್ಚವನ್ನು ತಾನೇ ವಹಿಸಿಕೊಳ್ಳುವ ಕಾನೂನು ಮಾಡಿದ ಮೇಲೆ ಅಂಥ ಆಯ್ಕೆಯ ಅಗತ್ಯ ತಪ್ಪಿತು. ಆದರೆ ಅದು ಕಲಿಸಿದ ಪಾಠ ಉಳಿಯಿತು. ಜೀವಗಳ ನಡುವೆ ಆರಿಸಬೇಕಾದಾಗ ಒಳ್ಳೆಯ ಮನಸ್ಸೊಂದೇ ಸಾಲದು. ಆಯ್ಕೆಯ ನಿಯಮ ಬಹಿರಂಗವಾಗಿರಬೇಕು, ಯಾರ ಹೆಸರೂ ಎದುರಿಗೆ ಬರುವ ಮೊದಲೇ ಆ ನಿಯಮ ಬರೆದಿಟ್ಟದ್ದಾಗಿರಬೇಕು.

ಮನೆಗಳಲ್ಲಿ ಇದನ್ನು ಮಕ್ಕಳೂ ಬಲ್ಲರು. ಒಂದೇ ಉಂಡೆಯನ್ನು ಇಬ್ಬರು ಹಂಚಿಕೊಳ್ಳುವಾಗ ಒಬ್ಬನು ಮುರಿಯಬೇಕು, ಮತ್ತೊಬ್ಬನು ಆರಿಸಿಕೊಳ್ಳಬೇಕು. ತನಗೆ ಯಾವ ಚೂರು ಬರುವುದೆಂದು ತಿಳಿಯದವನು ಸಮನಾಗಿಯೇ ಮುರಿಯುತ್ತಾನೆ. ಅಂಗಾಂಗಗಳ ಹಂಚಿಕೆಯ ನಿಯಮವನ್ನು ಬರೆಯುವವರು ಕೂಡ ತಾವು ನಾಳೆ ಯಾವ ಊರಿನ, ಯಾವ ಮನೆಯ ರೋಗಿಯಾಗುವೆವೋ ತಿಳಿಯದು ಎಂಬ ಭಾವದಿಂದ ಬರೆಯಬೇಕು.

ಕರ್ನಾಟಕದಲ್ಲಿ ಈ ಕಾರ್ಯಕ್ಕಾಗಿ 2007ರಲ್ಲಿ ಅಂಗಾಂಗ ಕಸಿಯ ವಲಯ ಸಮನ್ವಯ ಸಮಿತಿಯೊಂದು ಸ್ಥಾಪಿತವಾಯಿತು. ಅದು ಈಗ 'ಜೀವಸಾರ್ಥಕತೆ' ಎಂಬ ಹೆಸರಿನಿಂದ ಕೆಲಸ ಮಾಡುತ್ತಿದೆ. ಅಂಗವನ್ನು ಬೇಡುವ ರೋಗಿಗಳ ಹೆಸರುಗಳನ್ನು ಕಸಿ ಮಾಡುವ ಆಸ್ಪತ್ರೆಗಳು ಅಲ್ಲಿ ನೋಂದಾಯಿಸುತ್ತವೆ. ಅಂಗವೊಂದು ದೊರೆತಾಗ ಮೊದಲು ರಕ್ತದ ಗುಂಪು ಹೊಂದುವುದೇ ಎಂದು ನೋಡುತ್ತಾರೆ. ಮೂತ್ರಪಿಂಡವಾದರೆ ರೋಗಿಯು ಎಷ್ಟು ಕಾಲದಿಂದ ಡಯಾಲಿಸಿಸ್‌ನಲ್ಲಿದ್ದಾನೆ, ಮಗುವೇ ದೊಡ್ಡವರೇ, ಡಯಾಲಿಸಿಸ್ ಮಾಡಲು ರಕ್ತನಾಳಗಳು ಇನ್ನೂ ಒದಗುತ್ತಿವೆಯೇ ಮುಂತಾದುವಕ್ಕೆ ಅಂಕಗಳಿರುತ್ತವೆ. ಹಿಂದೆ ತನ್ನ ಒಂದು ಮೂತ್ರಪಿಂಡವನ್ನು ದಾನ ಮಾಡಿ, ಈಗ ತಾನೇ ರೋಗಿಯಾದವನಿಗೆ ಹೆಚ್ಚಿನ ಅಂಕಗಳುಂಟು. ಯಕೃತ್ತು ಹಠಾತ್ತನೆ ಕೆಟ್ಟು, ಕೆಲವೇ ದಿನಗಳಲ್ಲಿ ಸಾಯುವ ಸ್ಥಿತಿಯಲ್ಲಿರುವವನನ್ನು ಸರದಿಯ ಮುಂದಕ್ಕೆ ತರುತ್ತಾರೆ. ಕಾದ ಕಾಲ, ಅಗತ್ಯದ ತೀವ್ರತೆ, ಪ್ರಯೋಜನದ ಸಂಭವ ಇವು ತಕ್ಕಡಿಯ ಕಲ್ಲುಗಳು. ಜಾತಿ, ಮತ, ಹಣ, ಪದವಿಗಳಿಗೆ ಅಲ್ಲಿ ಸ್ಥಾನವಿಲ್ಲ.

ಇಷ್ಟಾದರೂ ಸರದಿಯ ಲೆಕ್ಕ ಸುಲಭವಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಸುರಪುರದ ಸಮೀಪದ ಹಳ್ಳಿಯಲ್ಲಿ ಕೃಷಿಕೂಲಿ ಮಾಡುವ ಒಬ್ಬ ಹೆಂಗಸು, ಶಹಾಪುರದಲ್ಲಿ ಹತ್ತಿಯ ವ್ಯಾಪಾರಿ, ಯಾದಗಿರಿಯಲ್ಲಿ 14 ವರ್ಷದ ಒಬ್ಬ ವಿದ್ಯಾರ್ಥಿನಿ. ಮೂವರ ಮೂತ್ರಪಿಂಡಗಳೂ ಕೆಟ್ಟಿವೆ. ರಕ್ತದ ಗುಂಪು ಒಂದೇ. ಹೆಂಗಸು 3 ವರ್ಷಗಳಿಂದ ವಾರಕ್ಕೆ 2 ಸಲ ಬಸ್ಸು ಹತ್ತಿ ಬಂದು, ಸುಮಾರು 4 ಗಂಟೆಗಳ ಕಾಲ ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾಳೆ; ಅಂದಿನ ಕೂಲಿ ಅವಳಿಗಿಲ್ಲ. ಆದರೆ ಪಟ್ಟಿಯೊಂದಿದೆಯೆಂಬುದೇ ತಿಳಿಯದೆ ಅವಳ ಹೆಸರು ನೋಂದಾಯಿತವಾದದ್ದು 8 ತಿಂಗಳ ಹಿಂದೆ. ವ್ಯಾಪಾರಿಗೆ ಬೆಂಗಳೂರಿನಲ್ಲಿ ನೆಂಟರಿದ್ದಾರೆ. ರೋಗ ತಿಳಿದ ತಿಂಗಳಿನಲ್ಲಿಯೇ, ಅಂದರೆ 2 ವರ್ಷಗಳ ಹಿಂದೆ, ಹೆಸರು ಬರೆಸಿದ್ದಾನೆ. ಹುಡುಗಿ ಕಾದಿರುವುದು 1 ವರ್ಷ; ಆದರೆ ಈ ರೋಗವು ಬೆಳೆಯುವ ಮಕ್ಕಳ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ದೊರೆತಿರುವುದು ಒಂದೇ ಮೂತ್ರಪಿಂಡ.

ಹೆಸರು ಬರೆಸಿದ ದಿನದಿಂದ ಎಣಿಸಿದರೆ ವ್ಯಾಪಾರಿಯೇ ಮೊದಲಿಗ. ಡಯಾಲಿಸಿಸ್ ಆರಂಭವಾದ ದಿನದಿಂದ ಎಣಿಸಿದರೆ ಕೂಲಿಯ ಹೆಂಗಸು ಮೊದಲಿಗಳು. ಎಳೆಯ ವಯಸ್ಸಿಗೆ ಹೆಚ್ಚು ತೂಕ ಕೊಟ್ಟರೆ ಹುಡುಗಿಗೆ ಅದು ಸಲ್ಲಬೇಕು. ಮೂರಕ್ಕೂ ಕಾರಣಗಳುಂಟು. ಒಂದು ತಾರೀಖನ್ನು ಬಿಟ್ಟು ಮತ್ತೊಂದು ತಾರೀಖಿನಿಂದ ಎಣಿಸುವುದು ಗುಮಾಸ್ತರ ಸಣ್ಣ ಕೆಲಸವೆಂದು ತೋರಬಹುದು. ಆದರೆ ಆ ತಾರೀಖಿನಲ್ಲಿ ಒಂದು ಜೀವ ಅಡಗಿರುತ್ತದೆ. ಬೇಗ ಹೆಸರು ಬರೆಸುವುದು ಹೆಚ್ಚಾಗಿ ತಿಳಿವಳಿಕೆಯಿದ್ದವರಿಗೆ, ಹಣವಿದ್ದವರಿಗೆ ಸಾಧ್ಯ. ಈ ಅನ್ಯಾಯವನ್ನು ಕಂಡುಕೊಂಡ ಅಮೆರಿಕವು 2014ರ ಡಿಸೆಂಬರಿನಿಂದ, ತಡವಾಗಿ ಹೆಸರು ಬರೆಸಿದವರಿಗೂ ಡಯಾಲಿಸಿಸ್ ಆರಂಭವಾದ ದಿನದಿಂದಲೇ ಕಾದ ಕಾಲವನ್ನು ಎಣಿಸುವ ನಿಯಮವನ್ನು ತಂದಿತು. ಎಲ್ಲರಿಗೂ ಒಂದೇ ಸರದಿ ಎಂದಷ್ಟಕ್ಕೆ ನ್ಯಾಯವಾಗುವುದಿಲ್ಲ. ಸರದಿಯ ಬಾಗಿಲಿಗೆ ಬರುವ ದಾರಿಯೂ ಎಲ್ಲರಿಗೂ ತೆರೆದಿರಬೇಕು.

ಯಾದಗಿರಿ ಜಿಲ್ಲೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹಿಂದೆ ಕಲಬುರಗಿ ಜಿಲ್ಲೆಯ ಭಾಗವಾಗಿದ್ದು, ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೊಂದಿಗೆ ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶದಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರದಲ್ಲಿದೆ. ಕಸಿಯ ಕೇಂದ್ರಗಳು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿಯೇ ಇವೆ. ದೇಹದಿಂದ ತೆಗೆದ ಹೃದಯವನ್ನು 4ರಿಂದ 6 ಗಂಟೆಗಳೊಳಗೆ ಮತ್ತೊಂದು ದೇಹದಲ್ಲಿ ಜೋಡಿಸಬೇಕು. ಮೂತ್ರಪಿಂಡವನ್ನು ಸುಮಾರು ಒಂದು ದಿನದವರೆಗೆ ಕಾಪಾಡಬಹುದು. ಕರೆ ಬಂದ ಕೂಡಲೆ ಆಸ್ಪತ್ರೆಗೆ ತಲುಪಲಾರದವನ ಸರದಿ ಬಂದರೂ ಬಾರದಂತೆಯೇ. ಶಸ್ತ್ರಚಿಕಿತ್ಸೆಯ ಅನಂತರವೂ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ಬಾಳಿನುದ್ದಕ್ಕೂ ಔಷಧಿ ಸೇವಿಸಬೇಕು, ಮತ್ತೆಮತ್ತೆ ಪರೀಕ್ಷೆಗೆ ಹೋಗಬೇಕು. ಕೂಲಿಯ ಹೆಂಗಸಿಗೆ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಟ್ಟು, ಪ್ರಯಾಣಕ್ಕೂ ಔಷಧಿಗೂ ದಾರಿ ತೋರದಿದ್ದರೆ ಆ ಸ್ಥಾನ ಕಾಗದದ ಮೇಲಿನ ಸ್ಥಾನವಾಗಿಯೇ ಉಳಿಯುತ್ತದೆ. ಬಡ ಕುಟುಂಬಗಳ ರೋಗಿಗಳ ಕಸಿಯ ವೆಚ್ಚಕ್ಕೆ ಕರ್ನಾಟಕ ಸರ್ಕಾರವು ನೆರವು ನೀಡುವ ಯೋಜನೆಯನ್ನು ತಂದಿರುವುದು ಈ ಕಾರಣದಿಂದ.

ಗಡಿಯ ಪ್ರಶ್ನೆಯೂ ಒಂದುಂಟು. ಯಾದಗಿರಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ. 1956ರವರೆಗೆ ಎರಡೂ ಒಂದೇ ರಾಜ್ಯದಲ್ಲಿದ್ದವು. ಅಂಗ ಪಡೆಯಲು ಹೆಸರು ಬರೆಸುವವರು ಅದೇ ರಾಜ್ಯದ ನಿವಾಸಿಗಳೆಂಬ ಪ್ರಮಾಣಪತ್ರ ತರಬೇಕೆಂದು ಕೆಲವು ರಾಜ್ಯಗಳು ವಿಧಿಸುತ್ತಿದ್ದವು. ರೋಗಕ್ಕೆ ರಾಜ್ಯದ ಗಡಿ ತಿಳಿಯದು. 2023ರಲ್ಲಿ ಕೇಂದ್ರ ಸರ್ಕಾರವು ಈ ನಿವಾಸದ ನಿಬಂಧನೆಯನ್ನು ತೆಗೆದುಹಾಕುವಂತೆ ರಾಜ್ಯಗಳಿಗೆ ಸೂಚಿಸಿತು. 65 ವರ್ಷ ದಾಟಿದವರು ಮರಣಾನಂತರದ ದಾನಿಗಳ ಅಂಗ ಪಡೆಯಲು ಹೆಸರು ಬರೆಸಬಾರದೆಂಬ ಮಿತಿಯನ್ನೂ ಕೈಬಿಟ್ಟಿತು.

ಇನ್ನೊಂದು ಅಸಮತೆ ಮನೆಯ ಒಳಗೇ ಇದೆ. ಭಾರತದಲ್ಲಿ ಬದುಕಿರುವಾಗ ಅಂಗದಾನ ಮಾಡುವವರಲ್ಲಿ ಹೆಚ್ಚಿನವರು ಸ್ತ್ರೀಯರು. ಅಂಗ ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ತಾಯಿ, ಹೆಂಡತಿ, ಸಹೋದರಿಯರು ಕೊಡುತ್ತಾರೆ. ಅವರಿಗೇ ಬೇಕಾದಾಗ ಕೊಡುವ ಕೈಗಳು ವಿರಳ. ಈ ವಿಷಮತೆಯನ್ನು ಗಮನಿಸಿ 2025ರಲ್ಲಿ ರಾಷ್ಟ್ರೀಯ ಅಂಗಾಂಗ ಹಾಗೂ ಅಂಗಾಂಶ ಕಸಿ ಸಂಸ್ಥೆಯು, ಕಾದಿರುವ ಸ್ತ್ರೀಯರಿಗೂ ಹಿಂದೆ ಮರಣಾನಂತರ ದಾನ ಮಾಡಿದವರ ಹತ್ತಿರದ ಸಂಬಂಧಿಗಳಿಗೂ ಆದ್ಯತೆ ನೀಡಬೇಕೆಂದು ಸಲಹೆ ಮಾಡಿತು. 'ಎಲ್ಲರೂ ಸಮಾನರೆಂದ ಮೇಲೆ ಕೆಲವರಿಗೆ ಆದ್ಯತೆ ಏಕೆ?' ಎಂದು ಕೇಳುವವರಿರಬಹುದು. ಹಿಂದುಳಿದ ಈ ಪ್ರದೇಶದ ಜನರಿಗೆ ಅದಕ್ಕೆ ಉತ್ತರ ಗೊತ್ತು. ಸಂವಿಧಾನದ 371(ಜೆ) ಅನುಚ್ಛೇದದಡಿ ಯಾದಗಿರಿಯೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶ ದೊರೆತಿರುವುದು ಇದೇ ತತ್ತ್ವದಿಂದ. ಬಹುಕಾಲ ಬಾಗಿದ ತಕ್ಕಡಿಯನ್ನು ನೇರಗೊಳಿಸಲು ಮೇಲೆ ನಿಂತ ತಟ್ಟೆಗೆ ಸ್ವಲ್ಪ ಭಾರ ಹಾಕಬೇಕಾಗುತ್ತದೆ. ಆದರೆ ಅಂಥ ಆದ್ಯತೆಯೂ ಎಲ್ಲರಿಗೂ ತಿಳಿಯುವಂತೆ, ಕಾರಣಸಹಿತವಾಗಿ, ಮುಂಚಿತವಾಗಿಯೇ ಪ್ರಕಟವಾಗಿರಬೇಕು. ಗುಟ್ಟಾಗಿ ತೋರಿದ ಕರುಣೆಯೂ ಪಕ್ಷಪಾತವೇ.

ಹಂಚಿಕೆಯ ನ್ಯಾಯಕ್ಕೂ ದಾನದ ಪ್ರಮಾಣಕ್ಕೂ ನೇರವಾದ ಸಂಬಂಧವಿದೆ. ಈ ದಾನ ಕೊಡಬೇಕಾದವರು ಸಾವಿನ ಮನೆಯವರು. ಹೆದ್ದಾರಿಯ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಮುಂದೆ ವೈದ್ಯರು ಕೈಜೋಡಿಸಿ ನಿಂತಾಗ, ಅವನ ಮನಸ್ಸಿನಲ್ಲಿ ಮೂಡುವ ಮೊದಲ ಸಂಶಯ 'ಇದು ಯಾವ ಶ್ರೀಮಂತನಿಗೆ ಹೋಗುವುದೋ!' ಎಂಬುದು. ಆ ಸಂಶಯಕ್ಕೆ ಆಸ್ಪದವಿಲ್ಲವೆಂದು ಅವನು ನಂಬಿದರೆ ಒಪ್ಪಿಗೆ ಕೊಡುತ್ತಾನೆ, ನಂಬದಿದ್ದರೆ ಕೊಡುವುದಿಲ್ಲ. ಬದುಕಿದ್ದಾಗ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದವನ ವಿಷಯದಲ್ಲಿಯೂ ಕೊನೆಗೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಪಟ್ಟಿಯಲ್ಲಿ ಒಂದು ಹೆಸರನ್ನು ಅನ್ಯಾಯವಾಗಿ ಮೇಲಕ್ಕೆ ಸರಿಸಿದವನು ಒಬ್ಬನ ಸರದಿಯನ್ನಷ್ಟೇ ಕದಿಯುವುದಿಲ್ಲ. ನಾಳೆ ಬರಬಹುದಾಗಿದ್ದ ದಾನಗಳನ್ನೂ ಬತ್ತಿಸುತ್ತಾನೆ.

ನಂಬಿಕೆಯಿಂದ ದಾನ ಹೇಗೆ ಬೆಳೆಯುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. 2006ರಲ್ಲಿ ವರನಟ ಡಾ. ರಾಜಕುಮಾರ್ ಅವರು ನಿಧನರಾದಾಗ ಅವರ ನೇತ್ರಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜಕುಮಾರ್ ಅವರು ನಿಧನರಾದಾಗಲೂ ಕುಟುಂಬದವರು ಹಾಗೆಯೇ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಕಣ್ಣುಗಳ ಪಾರದರ್ಶಕ ಪಟಲಗಳನ್ನು ಪದರಗಳಾಗಿ ಬೇರ್ಪಡಿಸಿ 4 ಮಂದಿಗೆ ದೃಷ್ಟಿ ನೀಡಿದರು. ಪಡೆದವರು ಪ್ರಸಿದ್ಧ ಮನೆತನದವರಲ್ಲ, ಸಿನಿಮಾ ಲೋಕದವರಲ್ಲ, ಕಾದಿದ್ದ ಸಾಮಾನ್ಯರು. ಅನಂತರದ ದಿನಗಳಲ್ಲಿ ನಾಡಿನ ಮೂಲೆಮೂಲೆಗಳಿಂದ ಸಹಸ್ರಾರು ಮಂದಿ ನೇತ್ರದಾನಕ್ಕೆ ಹೆಸರು ಬರೆಸಿದರು.

ದಾನವನ್ನು ಕುರಿತು ಆಳವಾಗಿ ಚಿಂತಿಸಿದ ವಚನಕಾರ ದೇವರ ದಾಸಿಮಯ್ಯನ ಊರಾದ ಮುದನೂರು ಸುರಪುರ ಸೀಮೆಯಲ್ಲಿಯೇ ಇದೆ. ಕೊಟ್ಟದ್ದು ತನ್ನದೆಂಬ ಹಮ್ಮು ಅಳಿದಾಗಲೇ ದಾನ ದಾನವೆನಿಸುತ್ತದೆ ಎಂಬುದು ಈ ನೆಲಕ್ಕೆ ಹಳೆಯ ಅರಿವು. ಮರಣಾನಂತರದ ಅಂಗದಾನವು ಅಂಥ ದಾನ. ಕೊಟ್ಟವನು ಯಾರಿಗೆ ಕೊಟ್ಟೆನೆಂದು ಅರಿಯನು. ಪಡೆದವನಿಂದ ಕೃತಜ್ಞತೆಯ ಮಾತನ್ನೂ ಕೇಳನು. ಹೀಗೆ ಏನನ್ನೂ ಬಯಸದೆ ಕೊಟ್ಟದ್ದನ್ನು ಹಂಚುವ ಕೈಗಳು ಸ್ವಚ್ಛವಾಗಿರಬೇಕಾದುದು ಆ ದಾನಕ್ಕೆ ಸಲ್ಲಿಸುವ ಕನಿಷ್ಠ ಗೌರವ.

ಎಲ್ಲರನ್ನೂ ಉಳಿಸುವ ಶಕ್ತಿ ಮನುಷ್ಯನಿಗೆ ಇನ್ನೂ ಬಂದಿಲ್ಲ. ಅಂಗ ಸಿಗದೆ ಸಾಯುವವರು ಇಂದಿಗೂ ಇದ್ದಾರೆ. ನಿಯಮ ಎಷ್ಟೇ ಉತ್ತಮವಾಗಿದ್ದರೂ ಆ ದುಃಖ ತಪ್ಪದು. ಆದರೆ ಸಿಗಲಿಲ್ಲವೆಂಬ ದುಃಖ ಬೇರೆ, ತನ್ನ ಪಾಲನ್ನು ಮತ್ತೊಬ್ಬರು ಕಸಿದರೆಂಬ ದುಃಖ ಬೇರೆ. ಮೊದಲನೆಯದನ್ನು ಕಡಿಮೆ ಮಾಡಲು ದಾನಿಗಳು ಬೇಕು. ಎರಡನೆಯದನ್ನು ಇಲ್ಲವಾಗಿಸಲು ನ್ಯಾಯವೊಂದೇ ಸಾಕು. ಅದು ಸಂಪೂರ್ಣವಾಗಿ ಮನುಷ್ಯರ ಕೈಯಲ್ಲಿದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ವಾರಾಬಂದಿ ಪದ್ಧತಿಯ ತಿರುಳೇನು?
2. ಮಾನವ ಅಂಗಾಂಗ ಕಸಿ ಅಧಿನಿಯಮವನ್ನು ಸಂಸತ್ತು ಯಾವ ವರ್ಷ ಅಂಗೀಕರಿಸಿತು?
3. ದೇಹದಿಂದ ತೆಗೆದ ಹೃದಯವನ್ನು ಎಷ್ಟು ಗಂಟೆಗಳೊಳಗೆ ಜೋಡಿಸಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಾಲುವೆಯ ನೀರಿನ ಹಂಚಿಕೆಗೂ ಅಂಗಾಂಗಗಳ ಹಂಚಿಕೆಗೂ ಇರುವ ಸಾಮ್ಯವೇನು? ವ್ಯತ್ಯಾಸವೇನು?
2. ಸಿಯಾಟಲ್ ನಗರದ ಸಮಿತಿಯ ಸದಸ್ಯರು ದುಷ್ಟರಲ್ಲದಿದ್ದರೂ ಅವರ ಆಯ್ಕೆ ಏಕೆ ನ್ಯಾಯವೆನಿಸಲಿಲ್ಲ?
3. ಹಂಚಿಕೆಯಲ್ಲಿ ನಡೆದ ಒಂದು ಅನ್ಯಾಯವು ಮುಂದಿನ ದಾನಗಳನ್ನು ಹೇಗೆ ಬತ್ತಿಸುತ್ತದೆ?

ಇ) ಚರ್ಚಿಸಿರಿ.
1. ಕೃಷಿಕೂಲಿಯ ಹೆಂಗಸು, ವ್ಯಾಪಾರಿ, ವಿದ್ಯಾರ್ಥಿನಿ ಈ ಮೂವರಲ್ಲಿ ಮೂತ್ರಪಿಂಡವು ಯಾರಿಗೆ ಸಲ್ಲಬೇಕು? ಹೆಸರು ಹೇಳುವ ಮೊದಲು ನಿಮ್ಮ ನಿಯಮವನ್ನು ಬರೆದು, ಅನಂತರ ಅದನ್ನು ಮೂವರಿಗೂ ಅನ್ವಯಿಸಿ ನೋಡಿರಿ.
2. "ಗುಟ್ಟಾಗಿ ತೋರಿದ ಕರುಣೆಯೂ ಪಕ್ಷಪಾತವೇ." ಈ ಮಾತನ್ನು ಸಮರ್ಥಿಸಿರಿ ಅಥವಾ ಖಂಡಿಸಿರಿ.